ಕೇಳದೆ ತಂದ ಕೆಂಪು

ನಮ್ಮ ಕಡೆ ಹೂವಿನ ಗಿಡವನ್ನು ಯಾರೂ ಕೇಳಿ ಒಯ್ಯುವುದಿಲ್ಲ. ಕೇಳಿ ಒಯ್ದ ಟೊಂಗೆ ಬೇರು ಬಿಡುವುದಿಲ್ಲ, ಕದ್ದು ಒಯ್ದದ್ದು ಮಾತ್ರ ಹುಲುಸಾಗಿ ಬರುತ್ತದೆ ಎಂಬುದು ಹೆಂಗಸರ ಗಟ್ಟಿ ನಂಬಿಕೆ. ಸಿರುಗುಪ್ಪದ ನನ್ನ ತವರಿನ ಅಂಗಳದಲ್ಲಿ ದಾಸವಾಳವಿತ್ತು, ಕನಕಾಂಬರವಿತ್ತು, ಮೂರು ಬಗೆಯ ಮಲ್ಲಿಗೆಯಿತ್ತು. ಅದರಲ್ಲಿ ಒಂದನ್ನೂ ನಮ್ಮವ್ವ ಕೇಳಿ ತಂದವಳಲ್ಲ. ಹಾಗೆಂದು ಅದು ಸುಮ್ಮನೆ ಕೈಗೆ ಸಿಕ್ಕದ್ದನ್ನು ಎತ್ತಿಕೊಂಡು ಬರುವ ಕಳವೂ ಅಲ್ಲ. ಅದಕ್ಕೊಂದು ರೀತಿ ರಿವಾಜು ಇತ್ತು. ಗಿಡದ ಮನೆಯವರು ನೋಡಿದರೂ ನೋಡದವರ ಹಾಗೆ ಮುಖ ತಿರುಗಿಸಬೇಕು. ಒಯ್ದವರು ಟೊಂಗೆ ಬೇರು ಬಿಡುವ ತನಕ ತುಟಿ ಪಿಟಕ್ ಅನ್ನಬಾರದು. ಹೂ ಬಿಟ್ಟ ಮೇಲೆ ಮೊದಲ ಬೊಗಸೆ ಹೂವನ್ನು ಆ ಮನೆಗೇ ಒಯ್ದು, ‘ನಿಮ್ಮ ಗಿಡ ನಮ್ಮನ್ಯಾಗ ಹೂ ಬಿಟ್ಟೈತಿ ನೋಡ್ರಿ’ ಎಂದು ಕೊಟ್ಟು, ಚಹಾ ಕುಡಿದು ಬರಬೇಕು. ಇಷ್ಟು ಚೆಂದದ ಕಳವು ಜಗತ್ತಿನಲ್ಲಿ ಇನ್ನೆಲ್ಲಾದರೂ ಇದ್ದರೆ ನನಗೆ ತಿಳಿಸಿ.

ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಇಪ್ಪತ್ತೆರಡು ವರ್ಷಗಳಿಂದ ಬಳ್ಳಾರಿಯಿಂದ ಬಸ್ಸಿಗೆ ಹೋಗಿ, ಸಸ್ಯಗಳು ಹೇಗೆ ಬದುಕುತ್ತವೆ ಎಂದು ಮಕ್ಕಳಿಗೆ ಹೇಳಿ, ಬಸ್ಸಿಗೇ ವಾಪಸು ಬರುತ್ತೇನೆ. ಹೀಗೆ ಹೇಳುವವಳ ಮನೆಯಲ್ಲಿ ಒಂದು ತುಳಸಿ ಕೂಡ ಎರಡು ವರ್ಷ ಬಾಳಿದ್ದಿಲ್ಲ. ಈ ಸಂಗತಿ ಹೊರಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದೇನೆ. ಕದ್ದ ಗಿಡವೇ ಬರುತ್ತದೆ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಕೇಳಿ ತಂದವೆಲ್ಲ ಸತ್ತಿದ್ದವಲ್ಲ, ಒಂದು ಸಲ ಕೇಳದೆ ತಂದರೆ ಏನಾಗುತ್ತದೆ ನೋಡೋಣ ಅನ್ನಿಸಿತು. ಅದಕ್ಕೆ ನಾನು ಪ್ರಯೋಗ ಎಂದು ಹೆಸರಿಟ್ಟುಕೊಂಡೆ.

ನಾವು ಬಳ್ಳಾರಿಯಲ್ಲಿ ನಸೀಮಾ ಖಾಲಾ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಖಾಲಾ ಎಂದರೆ ಚಿಕ್ಕಮ್ಮ. ನಮ್ಮ ಬೀದಿಗೆಲ್ಲ ಅವರು ಖಾಲಾನೇ. ಅರವತ್ತು ದಾಟಿದವರು, ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತುವುದಿಲ್ಲ. ಹೋದ ವರ್ಷ ಜನವರಿಯಲ್ಲಿ ಅವರು ನರ್ಸರಿಯಿಂದ ಒಂದು ಕುಂಡ ತರಿಸಿದರು. ನೆತ್ತಿಯ ಮೇಲೆಲ್ಲ ಕುಂಕುಮದಷ್ಟು ಕೆಂಪು, ಕೆಳಗೆ ಹಸಿರು. ಬೀದಿಯವರೆಲ್ಲ ಬಂದು ನೋಡಿದರು. ‘ಎಂಥಾ ಹೂವ್ರೀ’ ಎಂದು ಅವರು ಹೊಗಳುವಾಗ ನಾನು ಸುಮ್ಮನಿರಲಾರದೆ, ಅದು ಹೂವಲ್ಲ, ಎಲೆಯೇ ಕೆಂಪಾದದ್ದು, ನಿಜವಾದ ಹೂವು ನಡುವೆ ಇರುವ ಈ ಹಳದಿ ಕಾಳಿನಂಥವು ಎಂದು ಪಾಠ ಶುರು ಮಾಡಿದೆ. ಎಲ್ಲರ ಮುಖ ಸಣ್ಣದಾಯಿತು. ‘ಇರ್ಲಿ ಬಿಡ್ರಿ ಟೀಚರ್, ನಮಗ ಹೂವಿನಂಗ ಕಾಣತೈತಿ, ಸಾಕು’ ಎಂದರು ಖಾಲಾ.

ಗಿಡದ ಹೆಸರು ಪಾಯಿನ್ಸೆಟಿಯಾ. ಹುಟ್ಟೂರು ಮೆಕ್ಸಿಕೋ. ಅಲ್ಲಿಗೆ ರಾಯಭಾರಿಯಾಗಿ ಹೋಗಿದ್ದ ಪರದೇಶದವನೊಬ್ಬ ಇದರ ಕೆಂಪಿಗೆ ಮರುಳಾಗಿ ತನ್ನೂರಿಗೆ ಒಯ್ದನಂತೆ. ಗಿಡಕ್ಕೆ ಇಂಗ್ಲಿಷಿನಲ್ಲಿ ಅವನದೇ ಹೆಸರು ನಿಂತಿತು. ಅವನು ಕೇಳಿ ಒಯ್ದನೋ ಕೇಳದೆ ಒಯ್ದನೋ ನಾನು ಓದಿದ ಕಡೆ ಬರೆದಿರಲಿಲ್ಲ. ಆದರೆ ಗಿಡ ಲೋಕದ ತುಂಬ ಹಬ್ಬಿದ್ದನ್ನು ನೋಡಿದರೆ ನಮ್ಮವ್ವ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದಳು.

ಫೆಬ್ರವರಿ ಕಳೆಯುವಷ್ಟರಲ್ಲಿ ಕೆಂಪೆಲ್ಲ ಉದುರಿತು. ಬರೀ ಹಸಿರು ಗಿಡವನ್ನು ನೋಡಲು ಯಾರು ಬರುತ್ತಾರೆ? ಆಮೇಲೆ ಬಳ್ಳಾರಿಯ ಬೇಸಿಗೆ. ಕೋಟೆಗುಡ್ಡದ ಬಂಡೆಗಳು ಕಾದು ಊರಿಗೆಲ್ಲ ಝಳ ಹೊಡೆಯುವ ಆ ದಿನಗಳಲ್ಲಿ ಮನುಷ್ಯರೇ ಬಾಡಿ ಹೋಗುತ್ತೇವೆ. ಆ ಪರದೇಶಿ ಗಿಡವನ್ನು ಉಳಿಸಿದವಳು ಹುಲಿಗೆಮ್ಮ.

ಹುಲಿಗೆಮ್ಮ ನಮ್ಮ ಕಟ್ಟಡದ ಅಂಗಳ ಗುಡಿಸಿ, ಮೆಟ್ಟಿಲು ಒರೆಸುವವಳು. ಸಿರುಗುಪ್ಪ ತಾಲ್ಲೂಕಿನ ಕರೂರಿನವಳು. ಅಲ್ಲಿ ವರ್ಷಾನುಗಟ್ಟಲೆ ಭತ್ತದ ನಾಟಿ ಹಚ್ಚಿ ಸೊಂಟ ಹಿಡಿದುಕೊಂಡ ಮೇಲೆ ಬಳ್ಳಾರಿಗೆ ಬಂದವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಅವಳು ನನಗೆ ‘ರೀ’ ಅನ್ನುತ್ತಾಳೆ, ನಾನು ಅವಳಿಗೆ ‘ನೀನು’ ಅನ್ನುತ್ತೇನೆ. ಇದು ಸರಿಯೇ ಎಂದು ಈ ಬರಹಕ್ಕೆ ಕೂರುವ ತನಕ ನಾನು ಯೋಚಿಸಿರಲಿಲ್ಲ. ಕುಂಡಗಳಿಗೆ ನೀರು ಹಾಕುವುದು ಅವಳ ಕೆಲಸವಾಗಿರಲಿಲ್ಲ, ಅವಳ ಖುಷಿಯಾಗಿತ್ತು. ಗುಡಿಸಿ ಮುಗಿಸಿದ ಮೇಲೆ ಸೆರಗು ಸಿಕ್ಕಿಸಿ, ಒಂದೊಂದು ಕುಂಡದ ಮಣ್ಣಿಗೂ ಬೆರಳಿಟ್ಟು ನೋಡಿ, ಬೇಕಾದದ್ದಕ್ಕೆ ಹಾಕಿ ಬೇಡವಾದದ್ದನ್ನು ಬಿಡುತ್ತಿದ್ದಳು. ಏಪ್ರಿಲ್ ಮೇ ತಿಂಗಳಲ್ಲಿ ಆ ಪಾಯಿನ್ಸೆಟಿಯಾವನ್ನು ನೆರಳು ಸರಿದ ಹಾಗೆ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ ಎತ್ತಿಡುತ್ತಿದ್ದಳು. ಮಳೆ ಬೀಳುವ ಹೊತ್ತಿಗೆ ಗಿಡ ಮೊಣಕಾಲೆತ್ತರ ಬೆಳೆದು ನಿಂತಿತು.

ಆಗಸ್ಟಿನ ಒಂದು ಮೋಡದ ಸಂಜೆ ನನ್ನ ಪ್ರಯೋಗ ನಡೆಯಿತು. ಖಾಲಾ ಯಾವುದೋ ಮದುವೆಗೆ ಹೋಗಿದ್ದರು. ಕೇಳಿದ್ದರೆ ಒಂದಲ್ಲ ನಾಲ್ಕು ಟೊಂಗೆ ಕೊಡುತ್ತಿದ್ದರು. ಕೊಡುತ್ತಾರೆ ಎಂಬುದೇ ತೊಂದರೆ! ಅದೇ ದಿನ ಕುರುಗೋಡಿನಲ್ಲಿ ಒಂಬತ್ತನೆಯ ತರಗತಿಗೆ ಕಾಂಡದಿಂದ ಗಿಡ ಮಾಡುವುದನ್ನು ತೋರಿಸಿದ್ದೆ. ಹರಿತವಾದ ಬ್ಲೇಡಿನಿಂದ ಓರೆಯಾಗಿ ಕತ್ತರಿಸಬೇಕು, ಎಳೆದು ಕೀಳಬಾರದು, ಕಿತ್ತರೆ ತಾಯಿಗಿಡಕ್ಕೆ ಗಾಯವಾಗುತ್ತದೆ ಎಂದು ಮಕ್ಕಳ ಕೈಲಿ ಎರಡು ಸಲ ಹೇಳಿಸಿದ್ದೆ. ಆ ಬ್ಲೇಡು ನನ್ನ ಚೀಲದಲ್ಲೇ ಇತ್ತು. ಆದರೆ ಕಳವು ಮಾಡುವವರಿಗೆ ಚೀಲ ತೆಗೆದು, ಪೊಟ್ಟಣ ಬಿಚ್ಚಿ, ಬ್ಲೇಡು ಹುಡುಕುವಷ್ಟು ವ್ಯವಧಾನ ಎಲ್ಲಿರುತ್ತದೆ? ಗೇಟಿನ ಸದ್ದಾದಂತಾಯಿತು. ಕೈಗೆ ಸಿಕ್ಕ ಟೊಂಗೆಯನ್ನು ಜಗ್ಗಿದೆ. ಅದು ಬರುವಾಗ ತಾಯಿಕಾಂಡದ ಸಿಪ್ಪೆಯನ್ನು ಗೇಣುದ್ದ ಸೀಳಿಕೊಂಡೇ ಬಂತು. ಬಿಳಿ ಹಾಲು ಸುರಿಯತೊಡಗಿತು. ನಾನು ಟೊಂಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆ. ಗೇಟಿನಲ್ಲಿ ಇದ್ದದ್ದು ಒಂದು ನಾಯಿ.

ಮರುದಿನ ಬೆಳಿಗ್ಗೆ ಕೆಳಗೆ ಗದ್ದಲ. ಶಾಲೆಗೆ ಹೊರಟವಳು ಇಳಿದು ಬಂದರೆ ಖಾಲಾ ಕುಂಡದ ಮುಂದೆ ನಿಂತಿದ್ದಾರೆ, ಹುಲಿಗೆಮ್ಮ ಪೊರಕೆ ಹಿಡಿದು ಆಚೆ ನಿಂತಿದ್ದಾಳೆ.

‘ನೋಡ್ರಿ ಟೀಚರ್, ಪೊರಕಿ ಬಡದು ಬಡದು ನನ್ನ ಗಿಡದ ಕೈ ಮುರದಾಳ ಈಕಿ. ಹೆಂಗ ಸೀಳೈತಿ ನೋಡ್ರಿ!’

‘ನಾ ಮುರದಿಲ್ರೀ ಖಾಲಾ. ನಿನ್ನಿ ಹೋಗೂ ಮುಂದ ಛಲೋ ಇತ್ತು’ ಎಂದಳು ಹುಲಿಗೆಮ್ಮ.

‘ಮತ್ತ ಯಾರು ಮುರದ್ರು? ಟೀಚರ್ ಮುರದ್ರೇನು?’

ನಾನು ನಕ್ಕೆ. ಬೇರೆ ಏನನ್ನಾದರೂ ಮಾಡಬಹುದಿತ್ತು, ನಕ್ಕೆ. ಖಾಲಾ ಕೂಡ ನಕ್ಕರು. ಹುಲಿಗೆಮ್ಮ ಮಾತ್ರ ನಗಲಿಲ್ಲ. ‘ಇವತ್ತಿನಿಂದ ನನ್ನ ಕುಂಡಕ್ಕ ಕೈ ಹಚ್ಚಬ್ಯಾಡ. ಗುಡಿಸು, ಹೋಗು, ಅಷ್ಟ’ ಎಂದರು ಖಾಲಾ. ಅವರು ಕೆಟ್ಟವರಲ್ಲ. ಸಿಟ್ಟು ಬಂದಾಗ ಅಂದುಬಿಡುತ್ತಾರೆ, ಆಮೇಲೆ ತಾವು ಏನಂದೆವೆಂದು ಅವರಿಗೇ ನೆನಪಿರುವುದಿಲ್ಲ. ಅನ್ನಿಸಿಕೊಂಡವರಿಗೆ ನೆನಪಿರುತ್ತದೆ. ಮರುದಿನದಿಂದ ಹುಲಿಗೆಮ್ಮ ಕುಂಡಗಳ ಸಾಲಿನಿಂದ ಮಾರುದೂರ ಬಿಟ್ಟು ಗುಡಿಸತೊಡಗಿದಳು.

ಬಸ್ಸಿನಲ್ಲಿ ಕೂತು ನನಗೆ ನಾನೇ ಹೇಳಿಕೊಂಡೆ: ಬೇರು ಬಿಡುವ ತನಕ ಹೇಳಬಾರದು, ಅದು ರಿವಾಜು. ಬೇರು ಬಿಡಲಿ, ಖಾಲಾ ಅವರಿಗೆ ಹೇಳಿಬಿಡುತ್ತೇನೆ. ಆಧಾರವಿಲ್ಲದ ನಂಬಿಕೆ ಎಂದು ನಾನು ಯಾವುದನ್ನು ಕರೆಯುತ್ತಿದ್ದೆನೋ ಅದರ ಹಿಂದೆಯೇ ಹೋಗಿ ಅಡಗಿಕೊಂಡೆ.

ಟೊಂಗೆಯನ್ನು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಕುಂಡದಲ್ಲಿ ಊರಿದೆ. ಅಲ್ಲಿಗೆ ಖಾಲಾ ಬರುವಂತಿಲ್ಲ. ಹೊಸದಾಗಿ ಗಿಡ ಸಾಕುವವರಿಗೆ ಇರುವ ಒಂದೇ ಒಂದು ರೋಗವೆಂದರೆ ನೀರು ಹಾಕುವ ರೋಗ. ಬೆಳಿಗ್ಗೆ ಹಾಕಿದೆ, ಸಂಜೆ ಹಾಕಿದೆ. ಭಾನುವಾರ ಬಿಡುವಿದ್ದುದರಿಂದ ಮಧ್ಯಾಹ್ನವೂ ಹಾಕಿದೆ. ಒಂದು ತಿಂಗಳಿಗೆ ಎರಡು ಹೊಸ ಎಲೆ ಬಂದವು, ಅಂದರೆ ಬೇರು ಬಿಟ್ಟಿತ್ತು. ಹೇಳಬೇಕಲ್ಲ! ಇಷ್ಟು ಪುಟ್ಟ ಗಿಡವನ್ನು ಮುಂದಿಟ್ಟುಕೊಂಡು ಏನು ಹೇಳುವುದು, ನಾಲ್ಕು ಎಲೆಯಾಗಲಿ ಅಂದುಕೊಂಡೆ. ನಾಲ್ಕಾಗುವ ಬದಲು ಇದ್ದ ಎರಡೂ ಹಳದಿಯಾದವು. ಹಳದಿಯಾದ ಗಿಡದ ಜೊತೆ ತಪ್ಪೊಪ್ಪಿಕೊಳ್ಳಲು ಹೋಗುವುದು ಹೇಗೆ? ಹೀಗೆ ಆ ಗಿಡಕ್ಕೆ ಒಂದೊಂದು ಕಾಯಿಲೆ ಬಂದಾಗಲೂ ನನಗೆ ಒಂದೊಂದು ವಾಯಿದೆ ಸಿಗುತ್ತಿತ್ತು.

ಕೊನೆಗೆ ಗಿಡ ಸತ್ತೇ ಹೋಗುತ್ತದೆ ಅನ್ನಿಸಿದಾಗ, ಮೆಟ್ಟಿಲು ಒರೆಸುತ್ತಿದ್ದ ಹುಲಿಗೆಮ್ಮನನ್ನೇ ಮಾಳಿಗೆಗೆ ಕರೆದೊಯ್ದೆ. ನನ್ನ ಧೈರ್ಯಕ್ಕೆ ನೀವು ಏನಾದರೂ ಅನ್ನಿ. ಇಡೀ ಬೀದಿಯಲ್ಲಿ ಆ ಜಾತಿಯ ಗಿಡ ಇನ್ನೊಂದಿರಲಿಲ್ಲ. ಅವಳು ನೋಡಿದ ಕೂಡಲೇ ಗುರುತು ಹಿಡಿದಳು, ಆದರೆ ಮುಖದಲ್ಲಿ ಏನೂ ತೋರಿಸಲಿಲ್ಲ. ಕೂತು ಮಣ್ಣಿಗೆ ಬೆರಳಿಟ್ಟಳು.

‘ಇದೇನು ಭತ್ತದ ಗದ್ದಿ ಏನ್ರೀ ಟೀಚರ್, ಇಷ್ಟು ನೀರು ನಿಂದ್ರಿಸೀರಿ? ಬೇರು ಕೊಳೀತಾವ. ಮಣ್ಣು ಒಣಗ್ಲಿ. ಬೆರಳಿಗೆ ಒಣಾ ಹತ್ತಿದಾಗ ಹಾಕ್ರಿ.’

ಕುಂಡದ ತಳಕ್ಕೆ ನಾನು ಅಲಂಕಾರಕ್ಕೆಂದು ಸುತ್ತಿದ್ದ ಬಣ್ಣದ ಹಾಳೆಯನ್ನು ಹರಿದು ತೆಗೆದಳು. ಅದರೊಳಗಿಂದ ಒಂದು ಲೋಟ ನೀರು ಸುರಿಯಿತು. ಏಳುತ್ತಾ, ಬೇರೆ ಯಾವುದೋ ಮಾತಿನ ಹಾಗೆ ಹೇಳಿದಳು: ‘ಅವತ್ತು ಮೆಟ್ಲ ಮ್ಯಾಲೆಲ್ಲ ಹಾಲು ಬಿದ್ದಿತ್ರಿ, ನಿಮ್ಮ ಬಾಗ್ಲ ತನಾ. ಖಾಲಾ ಏಳೂಕಿಂತ ಮೊದ್ಲ ಬಂದಿದ್ದೆ, ಒರಸಿಬಿಟ್ಟೆ.’

ನಾನು ಹೂಂ ಅಂದೆ. ದೇವರಾಣೆ, ಅಷ್ಟೇ ಅಂದದ್ದು. ಅವಳಿಗೆ ಎಲ್ಲ ಗೊತ್ತಿದೆ ಎಂದು ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಆ ಹೊತ್ತಿನಲ್ಲಾದರೂ ಅವಳ ಕೈ ಹಿಡಿದುಕೊಂಡು ಕೆಳಗಿಳಿದು ಖಾಲಾ ಅವರ ಬಾಗಿಲು ತಟ್ಟಬೇಕಿತ್ತು. ಅವಳು ಬಕೆಟ್ಟು ಎತ್ತಿಕೊಂಡು ಮೆಟ್ಟಿಲಿಗೆ ಹೋದಳು, ನಾನು ಬಸ್ಸಿಗೆ ಹೊತ್ತಾಯಿತೆಂದು ಹೋದೆ. ಈಗ ನೆನೆದರೆ ಮೊದಲನೆಯ ದಿನ ನಕ್ಕದ್ದಕ್ಕಿಂತ ಈ ಹೂಂ ಹೆಚ್ಚು ಚುಚ್ಚುತ್ತದೆ.

ಗಿಡ ಸುಧಾರಿಸಿತು. ಕೆಳಗೆ ಖಾಲಾ ಅವರ ಗಿಡ ಸೀಳಿದ ಕಡೆಯಿಂದ ಕೊಳೆಯುತ್ತಾ ಬಂದು ದಸರಾ ಹೊತ್ತಿಗೆ ಒಣಗಿತು. ‘ಅಕಿ ಕೈ ಹತ್ತಿತ್ತಲ್ಲ’ ಎಂದರು ಅವರು. ಅದನ್ನೂ ಕೇಳಿಸಿಕೊಂಡೆ. ಕೆಂಪಾಗಲಿ, ಕೆಂಪಾದ ಕುಂಡವನ್ನೇ ಒಯ್ದು ಕೊಟ್ಟು, ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿ ಮುಗಿಸುತ್ತೇನೆ ಎಂದು ಹೊಸ ವಾಯಿದೆ ಹಾಕಿಕೊಂಡೆ.

ಆದರೆ ಈ ಗಿಡ ಕೆಂಪಾಗುವುದು ನಾವು ಹೇಳಿದಾಗಲ್ಲ. ಅಕ್ಟೋಬರಿನಿಂದ ಸುಮಾರು ಎರಡು ತಿಂಗಳು ಅದಕ್ಕೆ ದಿನಾ ಹದಿನಾಲ್ಕು ಗಂಟೆ ಗವ್ವೆನ್ನುವ ಕತ್ತಲೆ ಬೇಕು. ನಡುವೆ ಬೀದಿದೀಪದ ಬೆಳಕು ಬಿದ್ದರೂ ಸಾಕು, ಮುನಿಸಿಕೊಂಡು ಹಸಿರಾಗೇ ಉಳಿಯುತ್ತದೆ. ಹಗಲು ಚಿಕ್ಕದಾದಾಗ ಹೂ ಬಿಡುವ ಸಸ್ಯಗಳ ಪಾಠವನ್ನು ಇಪ್ಪತ್ತೆರಡು ಸಲ ಮಾಡಿದ್ದ ನನಗೆ ಇದು ನೆನಪಾದದ್ದು ನಮ್ಮ ಮಾಳಿಗೆಗೆ ಬೀದಿದೀಪ ನೆಟ್ಟಗೆ ಬಡಿಯುವುದನ್ನು ಕಂಡ ಮೇಲೆ. ಪಕ್ಕದ ಬೀದಿಯ ಜೀನ್ಸ್ ಗಾರ್ಮೆಂಟಿನಿಂದ ಪ್ಯಾಂಟು ತುಂಬುವ ದೊಡ್ಡ ರಟ್ಟಿನ ಡಬ್ಬಿ ತಂದೆ. ಸಂಜೆ ಐದಕ್ಕೆ ಅದನ್ನು ಗಿಡದ ಮೇಲೆ ಬೋರಲು ಹಾಕಬೇಕು, ಬೆಳಿಗ್ಗೆ ಏಳಕ್ಕೆ ತೆಗೆಯಬೇಕು. ಬೆಳಗಿನದು ಸರಿ. ಸಂಜೆ ಐದಕ್ಕೆ ನಾನು ಕುರುಗೋಡಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತೇನೆ. ಯಾರನ್ನು ಕೇಳಲಿ? ಹುಲಿಗೆಮ್ಮನನ್ನೇ ಕೇಳಿದೆ.

‘ಬೆಳಕ ಮುಚ್ಚಿದ್ರ ಗಿಡ ಸಾಯಂಗಿಲ್ಲೇನ್ರಿ?’ ಎಂದು ಅವಳಿಗೆ ಅನುಮಾನ. ಕತ್ತಲೆಯಲ್ಲಿ ಇಟ್ಟರೇ ಇದಕ್ಕೆ ಬಣ್ಣ ಬರುತ್ತದೆ ಎಂದೆ. ಅವಳಿಗೆ ತಟ್ಟನೆ ತಿಳಿದುಹೋಯಿತು. ‘ಹಂಗನ್ರಿ, ಹುಡಿಗ್ಯಾರು ದೊಡ್ಡವರಾದಾಗ ಮೂಲ್ಯಾಗ ಕುಂದ್ರಿಸಿದಂಗ!’ ಎಂದು ನಕ್ಕಳು. ಆಗಸ್ಟಿನ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಪ್ಪತ್ತೆರಡು ವರ್ಷದಲ್ಲಿ ಆ ಪಾಠವನ್ನು ಅಷ್ಟು ಚೆನ್ನಾಗಿ ಒಂದು ಮಾತಿನಲ್ಲಿ ನಾನು ಹೇಳಿದ್ದಿಲ್ಲ.

ಹೀಗೆ, ಕೆಳಗಿನ ಕುಂಡ ಮುಟ್ಟಬಾರದೆಂದು ಅನ್ನಿಸಿಕೊಂಡವಳು ದಿನಾ ಸಂಜೆ ಎರಡು ಮಹಡಿ ಹತ್ತಿ ಬಂದು, ತನಗೆ ಬೈಗುಳ ತಂದ ಗಿಡಕ್ಕೇ ಡಬ್ಬಿ ಮುಚ್ಚಿ ಹೋಗತೊಡಗಿದಳು. ಒಂದು ದಿನವೂ ತಪ್ಪಿಸಲಿಲ್ಲ. ನವೆಂಬರಿನ ಕೊನೆಗೆ ಕೆಲಸ ಬಿಟ್ಟಳು. ಸಿರುಗುಪ್ಪದಲ್ಲಿ ಮಗಳು ಒಗ್ಗರಣೆ ಮಿರ್ಚಿ ಬಂಡಿ ಹಾಕಿದ್ದಾಳೆ, ಕೈಗೆ ಜೊತೆ ಬೇಕಂತೆ ಎಂದಳು. ಹೋಗುವಾಗ, ‘ಡಬ್ಬಿ ಮುಚ್ಚೋದು ಮರೀಬ್ಯಾಡ್ರಿ, ಇನ್ನ ಸ್ವಲ್ಪ ದಿನ’ ಎಂದು ಹೇಳಿ ಹೋದಳು. ಆಮೇಲೆ ಸಂಜೆಯ ಡಬ್ಬಿಯನ್ನು ನಮ್ಮ ಯಜಮಾನರು ಗೊಣಗುತ್ತಾ ಮುಚ್ಚಿದರು. ಅಷ್ಟರಲ್ಲಿ ಎಲೆಯ ನರಗಳು ಕೆಂಪು ಹಿಡಿದಿದ್ದವು.

ಡಿಸೆಂಬರಿನ ನಡುವೆ ಗಿಡ ಮೈತುಂಬ ಕೆಂಪಾಯಿತು. ನನ್ನ ಕೈಯಲ್ಲಿ ಮೊದಲ ಸಲ ಒಂದು ಗಿಡ ಗೆದ್ದಿತ್ತು. ಎಷ್ಟು ಖುಷಿಪಡಬೇಕಿತ್ತು! ಅದನ್ನು ಎತ್ತಿಕೊಂಡು ಮೆಟ್ಟಿಲಿಳಿದು ಖಾಲಾ ಅವರ ಬಾಗಿಲು ತಟ್ಟಿದೆ.

‘ಮಾಶಾ ಅಲ್ಲಾ! ಟೀಚರ್, ಎಂಥಾ ಕೈಗುಣರೀ ನಿಮ್ದು! ನನ್ನ ಗಿಡಾನೂ ಹಿಂಗ ಆಗ್ತಿತ್ತು, ಅಕಿ ಮುರೀಲಿಲ್ಲಂದ್ರ’ ಎಂದರು ಖಾಲಾ.

‘ಅಕಿ ಮುರದಿಲ್ಲ ಖಾಲಾ. ನಾನು ಮುರದೀನಿ. ಇದು ನಿಮ್ಮ ಗಿಡದ್ದ ಟೊಂಗಿ.’

ಅವರು ಮೊದಲು ನಕ್ಕರು. ಇಷ್ಟಕ್ಕೆ ಕದಿಯಬೇಕೇನ್ರಿ ಹುಚ್ಚಿ ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಆಮೇಲೆ ನಗು ನಿಂತಿತು. ಕುರ್ಚಿಯ ಮೇಲೆ ಕೂತು, ‘ಅಕಿಗೆ ಎಷ್ಟು ಅಂದ್ನಲ್ರೀ ನಾನು. ನೀವು ಅಲ್ಲೇ ನಿಂತಿದ್ರಿ’ ಎಂದರು. ಮತ್ತೆ ಅವರೇ ಹೇಳಿದರು: ‘ನನಗ ಹೇಳಿ ಏನು ಬಂತು? ಅಕಿಗೆ ಹೋಗಿ ಹೇಳ್ರಿ. ನಂದೂ ತಪ್ಪಾತು ಅಂತ ಹೇಳ್ರಿ.’

ಮುಂದಿನ ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಕಾಲುವೆ ನೀರಿನ ಊರುಗಳಲ್ಲಿ ಆಗಷ್ಟೇ ಸುಗ್ಗಿ ಮುಗಿದು ರಸ್ತೆಯ ಅಂಚಿಗೆಲ್ಲ ಭತ್ತ ಹರವಿದ್ದರು. ಚಿಕ್ಕಂದಿನಿಂದ ನೋಡಿದ ದಾರಿ. ಆದರೂ ಅವತ್ತು ಅದು ನನಗೆ ಬಹಳ ಬೇಗ ಮುಗಿಯಿತು. ಬಸ್‌ಸ್ಟ್ಯಾಂಡಿನ ಹೊರಗೇ ಬಂಡಿ ಸಿಕ್ಕಿತು. ಮಗಳು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು, ಹುಲಿಗೆಮ್ಮ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ, ‘ಯಾಕ್ರೀ ಟೀಚರ್, ಎಲ್ಲಾರೂ ಆರಾಮ ಅದಾರಲ್ಲ?’ ಎಂದಳು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಎಣ್ಣೆಯ ಸದ್ದಿಗೆ ಚೆದುರಿತು. ನಾನು ಮಾಡಿದ್ದು ತಪ್ಪು, ಖಾಲಾ ಅವರಿಗೆ ಹೇಳಿದ್ದೇನೆ, ಅವರೂ ತಪ್ಪಾಯಿತೆಂದು ಹೇಳಿ ಕಳಿಸಿದ್ದಾರೆ ಎಂದು ಹೇಗೋ ಒದರಿದೆ. ಅವಳು ಜಾಲರಿಯಿಂದ ಮಿರ್ಚಿ ಎತ್ತಿ ಬುಟ್ಟಿಗೆ ಹಾಕಿದಳು.

‘ಅವತ್ತ ನೀನ ಯಾಕ ಹೇಳಲಿಲ್ಲ ಹುಲಿಗೆಮ್ಮಾ? ನಿನಗ ಗೊತ್ತಿತ್ತಲ್ಲ’ ಎಂದೆ. ನೋಡಿ, ಅಲ್ಲಿಯೂ ಪ್ರಶ್ನೆ ಕೇಳಿದವಳು ನಾನೇ.

‘ನಾ ಹೇಳಿದ್ರ ಯಾರು ನಂಬತಿದ್ರು? ನೀವ ಹೇಳ್ತೀರಿ ಅಂತ ಹಾದಿ ನೋಡಿದ್ನಿರಿ. ಡಬ್ಬಿ ಮುಚ್ಚಾಕ ಬಂದಾಗೆಲ್ಲ, ಇವತ್ತ ಹೇಳಿರ್ತಾರ, ಖಾಲಾ ಕರೀತಾರ ಅನ್ಕೊಂಡ ಕೆಳಗ ಅವರ ಬಾಗ್ಲ ಮುಂದ ಸ್ವಲ್ಪ ನಿಂತ ಹೋಗ್ತಿದ್ದೆ.’

ಅದರಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬರಲಿಲ್ಲ ಅನ್ನುವ ಹಾಗೆ ಹೇಳಿದಳು. ಎರಡು ತಿಂಗಳು ದಿನಾ ಒಬ್ಬಳು ಒಂದು ಬಾಗಿಲ ಮುಂದೆ ನಿಂತು ಹೋಗಿದ್ದಾಳೆ. ಅದೇ ಎರಡು ತಿಂಗಳು ನಾನು ಎಲೆಯ ನರಗಳನ್ನು ನೋಡುತ್ತಿದ್ದೆ.

ಅವಳೇ ಮಾತು ಬದಲಿಸಿದಳು. ‘ಗಿಡ ಕೆಂಪಾತೇನ್ರಿ?’

‘ಆತು. ಪೂರಾ ಕೆಂಪಾಗೈತಿ.’

‘ಹೌದಾ!’ ಎಂದು ಅವಳು ಕಣ್ಣರಳಿಸಿ ನನ್ನ ಕೈ ನೋಡಿದಳು, ಕಾಲ ಬಳಿ ನೋಡಿದಳು. ಅಲ್ಲಿ ನನ್ನ ಚೀಲ ಬಿಟ್ಟರೆ ಏನೂ ಇರಲಿಲ್ಲ. ತರಬೇಕು ಎಂದು ಬೆಳಿಗ್ಗೆ ನನಗೆ ಅನ್ನಿಸಿರಲಿಲ್ಲ ಎಂದಲ್ಲ. ಅವಳಿಗೆ ಒಯ್ದು ಕೊಡಲೆಂದು ಖಾಲಾ ಕುಂಡವನ್ನು ಬಾಗಿಲಲ್ಲೇ ತಂದಿಟ್ಟಿದ್ದರು. ಆದರೆ ಬಸ್ಸಿನ ನೂಕಾಟದಲ್ಲಿ ಎಲೆ ಮುರಿದೀತು ಎಂದು ನಾನೇ ಬಿಟ್ಟು ಬಂದಿದ್ದೆ. ಅದನ್ನು ಅವಳಿಗೆ ಹಾಗೆಯೇ ಹೇಳಿದೆ.

‘ಖರೇನ ಬಿಡ್ರಿ’ ಎಂದಳು ಹುಲಿಗೆಮ್ಮ. ‘ಆ ಗದ್ದಲದಾಗ ಒಂದ ಎಲಿ ಉಳೀತಿರಲಿಲ್ಲ. ಛಲೋ ಮಾಡಿದ್ರಿ. ಬಿಸಿ ಅದಾವ, ತಗೋರಿ’ ಎಂದು ಕಾಗದದ ಮೇಲೆ ನಾಲ್ಕು ಮಿರ್ಚಿ ಇಟ್ಟು ನನ್ನ ಕೈಗೆ ಕೊಟ್ಟಳು. ಸಮಾಧಾನ ಹೇಳಲೆಂದು ಸಿರುಗುಪ್ಪದ ತನಕ ಹೋದವಳು ನಾನು, ಸಮಾಧಾನ ಹೇಳಿಸಿಕೊಂಡು ಬಂದವಳೂ ನಾನೇ.